ದೊಡ್ಡಿಯ ಆನೆ ನಡಿಗೆ

ಎತ್ತು ಕೊಳ್ಳುವವರು ಮೊದಲು ಕೊಂಬು ನೋಡುತ್ತಾರೆ, ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮಧುವನಹಳ್ಳಿಯ ಸಿದ್ದಮಲ್ಲಪ್ಪ ಮಾತ್ರ ಮೊದಲು ಎತ್ತಿನ ಹಿಂದಕ್ಕೆ ಹೋಗಿ ನಿಲ್ಲುತ್ತಾರೆ. ಹಗ್ಗ ಹಿಡಿದವನಿಗೆ, "ಇಡ್ಕಂಡು ಮುಂದಕ್ಕೆ ಓಗಪ್ಪ," ಎನ್ನುತ್ತಾರೆ. ಎತ್ತು ನಡೆಯುತ್ತದೆ. ಅವರು ಬಾಲದ ಬುಡ, ಸೊಂಟದ ಕೆಳಗೆ ಚಪ್ಪೆಯ ಎರಡು ಮೂಳೆ, ಗೊರಸು ನೆಲಕ್ಕೆ ಊರುವ ರೀತಿ, ಇಷ್ಟನ್ನು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹಿಂದಿನ ಕಾಲು ನೆಟ್ಟಗೆ ಬಿದ್ದರೆ ಆಮೇಲೆ ಮೈಮೇಲಿನ ಕೂದಲ ಸುಳಿ ನೋಡಲು ಹತ್ತಿರ ಹೋಗುತ್ತಾರೆ. ನೆಟ್ಟಗೆ ಬೀಳದಿದ್ದರೆ ಅವರ ಬಾಯಿಂದ ಬರುವುದು ಒಂದೇ ಮಾತು.

"ತೂಗ್ತದೆ."

ಅಷ್ಟು ಹೇಳಿ ಹೆಗಲ ಟವಲು ಕೊಡವಿಕೊಂಡು ಮುಂದಿನ ಜೋಡಿಯ ಕಡೆಗೆ ಹೊರಟುಬಿಡುತ್ತಾರೆ. ಎತ್ತಿನವನು ಎಷ್ಟು ಆಣೆ ಇಟ್ಟರೂ ತಿರುಗಿ ನೋಡುವುದಿಲ್ಲ. ಸೊಂಟ ತೂಗುವ ಎತ್ತು ಇವತ್ತು ನಡೆದೀತು, ನೊಗ ಹೊತ್ತು ಎರಡು ಬೇಸಾಯ ಮುಗಿಸುವಷ್ಟರಲ್ಲಿ ಕುಸಿಯುತ್ತದೆ ಎಂಬುದು ಅವರ ಲೆಕ್ಕ.

"ಮೊಕ ಎಲ್ಲಾರ್ಗೂ ಕಾಣ್ತದೆ ಕಣ್ಲಾ. ನಮ್ಮನ್ನ ನೋಡ್ಕಂಡು ಬರ್ವಾಗ ಎಲ್ಲಾ ಚೆಂದಾಗೇ ಬತ್ತವೆ. ನಮ್ಗೆ ಬೆನ್ನು ಮಾಡಿ ಓಯ್ತದಲ್ಲ, ಆವಾಗ ನೋಡ್ಬೇಕು," ಎಂದು ಜೊತೆಗೆ ಬಂದವರಿಗೆ ಹೇಳಿಕೊಡುತ್ತಾರೆ.

ಈ ಕೆಲಸಕ್ಕೆ ಅವರು ಮುಟ್ಟುವುದು ಎಲೆ ಅಡಿಕೆ ಮಾತ್ರ. ದಲ್ಲಾಳಿ ಎಂದು ಯಾರಾದರೂ ಕರೆದರೆ ಕೋಪ ಬರುತ್ತದೆ. ಸುಳಿ ಸಿದ್ದಮಲ್ಲಪ್ಪ ಎಂದರೆ ಒಳಗೊಳಗೇ ಸಂತೋಷ. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಆದರೂ ಕಟ್ಟುವವರು ಇವರನ್ನು ಕರೆಯದೆ ಹಗ್ಗ ಹಿಡಿಯುವುದಿಲ್ಲ.

ಇಂಥವರು ತಮ್ಮ ಮನೆಯ ಜೀವದ ವಿಷಯದಲ್ಲೇ ಮೋಸ ಹೋದರು. ಮೋಸ ಮಾಡಿದ್ದು ಬೇರೆ ಯಾರೂ ಅಲ್ಲ, ಅವರ ಪ್ರೀತಿಯೇ.

ಯಳಂದೂರಿನಾಚೆ ಬೆಟ್ಟದ ಕಡೆ ಒಂದು ತೆಂಗಿನ ತೋಟ. ಅದರ ಯಜಮಾನರಿಗೆ ಒಂದು ಜೋಡಿ ಹಳ್ಳಿಕಾರ್ ಎತ್ತು ಕಟ್ಟುವ ಆಸೆಯಾಗಿ ಸಿದ್ದಮಲ್ಲಪ್ಪನವರನ್ನು ಕರೆಸಿದ್ದರು. ಆ ತೋಟದಲ್ಲಿ ಕಡಸಿನಷ್ಟು ಎತ್ತರದ ಒಂದು ನಾಯಿ ಇತ್ತು. ಗ್ರೇಟ್ ಡೇನ್ ಜಾತಿ. ಮೈ ಬೂದಿ ಬಣ್ಣ, ಕಿವಿ ಬಾಳೆಯ ಸುಳಿಯೆಲೆಯಂತೆ ಮೆತ್ತಗೆ. ಆಗ ತಾನೇ ಮರಿ ಹಾಕಿ ಒಂದೆರಡು ತಿಂಗಳಾಗಿತ್ತು. ಎತ್ತು ಆರಿಸಿಕೊಟ್ಟ ಸಂತೋಷಕ್ಕೆ ಯಜಮಾನರು, "ದುಡ್ಡಂತೂ ಮುಟ್ಟಲ್ಲ ಅಂತೀರಿ, ಒಂದು ಮರಿಯನ್ನಾದರೂ ತಗೊಂಡು ಹೋಗಿ," ಎಂದರು.

ಸಿದ್ದಮಲ್ಲಪ್ಪ ಬೇಡವೆನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಒಂದು ಹೆಣ್ಣುಮರಿ ಓಲಾಡಿಕೊಂಡು ಬಂದು ಅವರ ಪಾದದ ಮೇಲೆ ಬಿದ್ದು ನಿದ್ದೆ ಹೋಯಿತು. ಹಣೆಯ ಮೇಲೆ ಒಂದು ದುಂಡು ಸುಳಿ. ಎತ್ತಿನಲ್ಲಾದರೆ ಅದು ಮನೆಗೆ ಏಳಿಗೆ ತರುವ ಸುಳಿ. ಅವರು ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಅದನ್ನು ಹಿಂದಿನಿಂದ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅಷ್ಟು ಸಣ್ಣದರಲ್ಲಿ ಏನೂ ಕಾಣುತ್ತಿರಲಿಲ್ಲ. ಮರಿಗಳು ಎಲ್ಲವೂ ಓಲಾಡುತ್ತವೆ.

ಮನೆಯಲ್ಲಿ ಹೆಂಡತಿ ಶಿವರತ್ನಮ್ಮ ಮೂಗು ಮುರಿದರು. "ಎತ್ತು ನೋಡಕ್ಕೆ ಓದೋರು ನಾಯಿ ತಕಂಡು ಬಂದವ್ರೆ!" ಎಂದರು. ಮರಿ ಬೆಳೆಯಿತು. ಎರಡು ಮುದ್ದೆ ಸಾಲದೆ ನಾಲ್ಕಾಯಿತು. ಅವರದು ಮೊಟ್ಟೆ ಮಾಂಸ ಒಳಗೆ ಬರದ ಮನೆ. ಶಿವರತ್ನಮ್ಮನೇ ಹಿತ್ತಲಲ್ಲಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸತೊಡಗಿದರು. ಬೇಯಿಸುವಾಗ ಮೂಗಿಗೆ ಸೆರಗು ಹಿಡಿಯುತ್ತಿದ್ದರು. "ನಾಯಲ್ಲ ಇದು. ಒಂದು ದೊಡ್ಡಿ ದನ ತಿನ್ನೋದನ್ನ ಇದೊಂದೇ ತಿಂತದೆ," ಎಂದು ಬೈಯುತ್ತಿದ್ದರು. ಬೈಗುಳವೇ ಹೆಸರಾಗಿ ನಿಂತಿತು, ದೊಡ್ಡಿ. ಕರೆದರೆ ಓಗೊಟ್ಟು ಬರುತ್ತಿದ್ದುದೂ ಆ ಹೆಸರಿಗೇ.

ಊರಿನವರು ನೋಡಲು ಬರತೊಡಗಿದರು.

"ಏನ್ ಜಾತಿ ಅಂದ್ರಿ ಸಿದ್ದಮಲ್ಲಪ್ಪಾರೆ?"

"ಗ್ರೇಟ್ ಡೇನು."

"ಗೇಟ್ ಡೇನಾ? ಅಂಗಾರೆ ಗೇಟಲ್ಲಿ ಕಟ್ಟಾಕೋ ನಾಯಿ ಅನ್ನಿ."

"ಗೇಟ್ ಎಲ್ಲದೆ ನಮ್ಮನೇಗೆ? ಅದೇ ಗೇಟು, ಅದೇ ನಾಯಿ," ಎಂದು ಶಿವರತ್ನಮ್ಮ ಒಳಗಿನಿಂದಲೇ ಹೇಳಿದರು.

ದೊಡ್ಡಿ ಬೆಳೆದು ದೊಡ್ಡದಾದರೂ ಆ ಓಲಾಟ ಹೋಗಲಿಲ್ಲ. ಬೀದಿಯಲ್ಲಿ ನಡೆದರೆ ಹಿಂಭಾಗ ಆಚೆ ಒಮ್ಮೆ ಈಚೆ ಒಮ್ಮೆ ನಿಧಾನವಾಗಿ ವಾಲುತ್ತಿತ್ತು. ಹನೂರು, ಕೊಳ್ಳೇಗಾಲದ ಸೀಮೆಯಲ್ಲಿ ಆನೆ ಕಾಣದವರಿಲ್ಲ. ಯಾರೋ, "ಅಯ್ಯೋ ಸಿವನೇ, ಆನೆ ನಡ್ದಂಗೆ ನಡೀತದಲ್ಲಾ," ಎಂದರು. ಆ ಮಾತು ಊರೆಲ್ಲ ಹಬ್ಬಿತು. ದೊಡ್ಡಿಯದು ಆನೆ ನಡಿಗೆ. ಕೂರುವಾಗ ಎರಡು ಕಾಲನ್ನೂ ಒಂದೇ ಪಕ್ಕಕ್ಕೆ ಮಡಿಸಿ ಕೂರುತ್ತಿತ್ತು. ಮದುವೆ ಮನೆಗೆ ಬಂದ ಹೆಂಗಸರ ಹಾಗೆ ಕೂರುತ್ತದೆ ಎಂದು ಜನ ನಕ್ಕರು. ಓಡುವಾಗ ಹಿಂದಿನ ಎರಡು ಕಾಲನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿತ್ತು. ಅದೂ ಒಂದು ಚೆಂದವಾಯಿತು. ಜಗಲಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. "ಗೌರವಸ್ತೆ ಕಣ್ರಿ. ಕರ್ದೋರೇ ಇಳಿದು ಬರ್ಬೇಕು ಅಂತ ನಿಂತ್ಕತದೆ," ಎಂದು ಸಿದ್ದಮಲ್ಲಪ್ಪ ಮೀಸೆಯ ಮೇಲೆ ಕೈಯಾಡಿಸಿದರು.

ಅವರು ಜಗಲಿಯ ಮೇಲೆ ಕೂತಿರುತ್ತಿದ್ದರು. ದೊಡ್ಡಿ ಯಾವಾಗಲೂ ಅವರ ಕಡೆಗೆ ಮುಖ ಮಾಡಿ ಬರುತ್ತಿತ್ತು. ಹೊಲಕ್ಕೆ ಹೊರಟರೆ ಅವರ ತೊಡೆಗೆ ಒರಗಿಕೊಂಡೇ ನಡೆಯುತ್ತಿತ್ತು. ಅದು ಅವರಿಗೆ ಬೆನ್ನು ಮಾಡಿ ದೂರ ಹೋದದ್ದೇ ಇಲ್ಲ.

ಹನೂರಿನಾಚೆ ಕಾಡಂಚಿನ ಹಳ್ಳಿಯಲ್ಲಿ ಚೆನ್ನಯ್ಯ ಎಂಬ ಬೇಸಾಯಗಾರರಿದ್ದರು. ಎತ್ತಿನ ಕಾರಣಕ್ಕೇ ಪರಿಚಯವಾಗಿ, ತಲೆ ನರೆಯುವವರೆಗೂ ಉಳಿದ ಸ್ನೇಹ ಅದು. ಕೆಲವು ವರ್ಷದ ಹಿಂದೆ ಅದೇ ಯಳಂದೂರಿನ ತೋಟಕ್ಕೆ ಬೇಲಿ ಹಾಕಿಸಲು ಹೋಗಿದ್ದಾಗ ಚೆನ್ನಯ್ಯನವರೂ ಒಂದು ಗಂಡುಮರಿ ತಂದಿದ್ದರು. ಅದರ ಹೆಸರು ಬಂಟ. ಬಂಟನೂ ದೊಡ್ಡಿಯ ತಾಯಿಯೂ ಒಂದೇ ಸೂಲಿನ ಮರಿಗಳು. ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಬಂಟ ಒಮ್ಮೆ ಬೊಗಳಿದರೆ ಸಾಕಿತ್ತು. ಅಂಥ ಇನ್ನೊಂದು ನಾಯಿ ಬೇಕೆಂದು ಆ ಸಾಲಿನ ಹೊಲದವರೆಲ್ಲ ಚೆನ್ನಯ್ಯನವರ ಬೆನ್ನು ಬಿದ್ದಿದ್ದರು.

ಸಿದ್ದಮಲ್ಲಪ್ಪನವರ ಜಾತಿ ಬೇರೆ, ಚೆನ್ನಯ್ಯನವರ ಜಾತಿ ಬೇರೆ. ಮಕ್ಕಳ ಕಡೆಯಿಂದ ಬೀಗರಾಗುವ ದಾರಿ ಇಲ್ಲ. ನಾಯಿಗಳ ಕಡೆಯಿಂದಾದರೂ ಆಗೋಣ ಎಂದು ಒಂದು ದಿನ ನಗುನಗುತ್ತ ಮಾತು ಬಂತು. ಚೆನ್ನಯ್ಯ ನಿಜವಾಗಿಯೂ ಹೊಸ ಪಂಚೆ ಉಟ್ಟು, ವೀಳ್ಯದೆಲೆ ಕಟ್ಟು, ಅಡಿಕೆ, ತೆಂಗಿನಕಾಯಿ ಹಿಡಿದು ಮಧುವನಹಳ್ಳಿಗೆ ಬಂದರು.

"ನಮ್ಮ ಹುಡುಗ ಸೋದರಮಾವ, ನಿಮ್ಮ ಹುಡುಗಿ ಅಕ್ಕನ ಮಗಳು. ಇದ್ಕಿಂತ ಒಳ್ಳೆ ಸಂಬಂದ ಎಲ್ ಸಿಕ್ಕಾದು ಬೀಗ್ರೆ?"

"ನಿಮ್ಮ ಹುಡುಗಂಗೆ ವರದಕ್ಷಿಣೆ ಏನ್ ಬೇಕಂತೆ?" ಎಂದು ಶಿವರತ್ನಮ್ಮ ತಟ್ಟೆ ಹಿಡಿದು ಬಂದರು.

"ಏನಿಲ್ಲ ಬೀಗ್ತೆಮ್ಮ, ಒಂದ್ ಚೀಲ ಮೂಳೆ."

"ನಮ್ಮನೇಲಿ ಮೂಳೆ ಎಲ್ ಸಿಕ್ಕಾದು? ಮುದ್ದೆ ಉಂಡ್ಕಂಡು ಬಿದ್ದಿರದಾದ್ರೆ ಕೊಡ್ತೀವಿ."

ನಕ್ಕರು, ಆದರೂ ವೀಳ್ಯವನ್ನು ಶಾಸ್ತ್ರವಾಗಿಯೇ ಬದಲಾಯಿಸಿಕೊಂಡರು. ಮುಂದಿನ ಸಲ ದೊಡ್ಡಿ ಬೆದೆಗೆ ಬಂದಾಗ ಬಂಟನನ್ನು ಕರೆತರುವುದು, ಮೊದಲ ಸೂಲಿನ ಮರಿಗಳೆಲ್ಲ ಹನೂರಿನ ಕಡೆಯ ಹೊಲಗಳಿಗೆ ಹೋಗುವುದು ಎಂದು ಮಾತಾಯಿತು. ಸಿದ್ದಮಲ್ಲಪ್ಪನವರಿಗೆ ಮಾತು ಎಂದರೆ ಮಾತೇ. ಎತ್ತಿನ ವಿಷಯದಲ್ಲಿ ಅವರ ಬಾಯಿಗೆ ಇದ್ದ ಬೆಲೆಯೆಲ್ಲ ಹಾಗೆ ಕೂಡಿಟ್ಟದ್ದು.

ಮರಿ ಹಾಕಿಸುವ ಮುನ್ನ ಸೂಜಿಗಳೆಲ್ಲ ಆಗಿರಲಿ ಎಂದು ಒಂದು ಬೆಳಿಗ್ಗೆ ದೊಡ್ಡಿಯನ್ನು ಕೊಳ್ಳೇಗಾಲಕ್ಕೆ ಕರೆದೊಯ್ದರು. ಊರಿನ ಶಂಕರನ ಲಗೇಜ್ ಆಟೋ ಗೊತ್ತು ಮಾಡಿದ್ದರು.

"ಸಾ, ಇದ್ಕೆ ಲಗೇಜ್ ಚಾರ್ಜ್ ಆಕ್ಲಾ, ಪ್ಯಾಸೆಂಜರ್ ಚಾರ್ಜ್ ಆಕ್ಲಾ?" ಎಂದು ಶಂಕರ ತಲೆ ಕೆರೆದುಕೊಂಡ.

"ಮದ್ವೆ ಹೆಣ್ಣು ಕಣ್ಲಾ. ಮರ್ವಾದೆಯಿಂದ ಕರ್ಕಂಡೋಗು."

ದೊಡ್ಡಿ ಆಟೋ ಹತ್ತಲಿಲ್ಲ. ಮುಂದಿನ ಕಾಲು ಮೇಲಿಟ್ಟು ನಿಂತಿತು. ಶಂಕರ ಹಿಂದಿನಿಂದ ಚಪ್ಪೆಗೆ ಕೈ ಕೊಟ್ಟು ಎತ್ತಿದಾಗ ಸಣ್ಣಗೆ ಕುಂಯ್ ಎಂದಿತು. "ನಾಚ್ಕೆ," ಎಂದರು ಸಿದ್ದಮಲ್ಲಪ್ಪ. ಶಿವರತ್ನಮ್ಮ ಗಂಡನ ಮುಖ ನೋಡಿದರು.

ಕೊಳ್ಳೇಗಾಲದಲ್ಲಿ ಪ್ರಾಣಿಗಳ ಕ್ಲಿನಿಕ್ ಇಟ್ಟಿದ್ದವರು ಡಾಕ್ಟರ್ ಭವ್ಯ. ಯಳಂದೂರಿನ ಹೆಣ್ಣುಮಗಳು, ವಯಸ್ಸು ಚಿಕ್ಕದು. ಸೂಜಿ ಹಾಕುವ ಮುಂಚೆ ದೊಡ್ಡಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಮರಿ ಹಾಕಿಸ್ತೀವಿ ಅಂದ್ರಲ್ಲ, ಗಂಡು ಯಾವುದು?"

"ಸೋದರಮಾವನೇ ಅವ್ವ. ಇದರವ್ವನ ಜೊತೆ ಹುಟ್ಟಿದ್ದು. ಒಳ್ಳೆ ಸಂಬಂದ."

ಭವ್ಯ ನಕ್ಕರು. "ನಮ್ಮ ಮನೇಲೂ ಇದೇ ಮಾತು ಎದ್ದಿತ್ತು ಯಜಮಾನ್ರೇ. ನಾನು ಒಪ್ಪಲಿಲ್ಲ," ಎಂದವರು ಆಮೇಲೆ ನಿಧಾನವಾಗಿ ಹೇಳಿದರು. "ಇಷ್ಟು ದೊಡ್ಡ ಜಾತಿ ನಾಯಿಗಳಲ್ಲಿ ಹುಟ್ಟಿನಿಂದಲೇ ಬರೋ ಕಾಯಿಲೆ ಕೆಲವು ಇವೆ. ಸೊಂಟದ ಕೀಲು ಸಡಿಲ ಇರೋದು, ಹೃದಯ ದೊಡ್ಡದಾಗಿ ಸೋಲೋದು, ಹೊಟ್ಟೆ ಉಬ್ಬಿ ತಿರುಚಿಕೊಳ್ಳೋದು. ಅಜ್ಜಿಗಿದ್ದದ್ದು ಮೊಮ್ಮಗಳಿಗೆ ಬರಬಹುದು. ಮಧ್ಯದವರಲ್ಲಿ ಹೊರಕ್ಕೆ ಕಾಣದೆ ಒಳಗೇ ಕೂತಿರಬಹುದು. ಒಂದೇ ರಕ್ತದ ಎರಡು ಜೀವ ಸೇರಿಸಿದರೆ ಎರಡು ಕಡೆಯಿಂದಲೂ ಬಂದು ಮರಿಗಳಲ್ಲಿ ಗಟ್ಟಿಯಾಗ್ತದೆ. ಅದಕ್ಕೆ ಮರಿ ಹಾಕಿಸೋ ಮೊದಲು ಪರೀಕ್ಷೆ ಮಾಡಿಸಬೇಕು."

"ನಮ್ಮ ದೊಡ್ಡಿಗೆ ಅವೇನೂ ಇಲ್ಲ ಕಣವ್ವ. ಆನೆ ನಡಿಗೆ ಇದರದು. ನಡ್ಸಿ ತೋರುಸ್ತೀನಿ ಇರಿ."

"ನೀವು ಬೇಡ. ಅಮ್ಮ ಹಿಡ್ಕೊಳ್ಳಲಿ. ನೀವು ಇಲ್ಲೇ ಬಾಗಿಲಲ್ಲಿ ನಿಂತು ನೋಡಿ."

ಶಿವರತ್ನಮ್ಮ ಹಗ್ಗ ಹಿಡಿದರು. ಕ್ಲಿನಿಕ್ಕಿನ ಮುಂದೆ ಉದ್ದಕ್ಕೆ ಸಿಮೆಂಟು ಹಾಸಿತ್ತು. ದೊಡ್ಡಿ ಎರಡು ಸಲ ತಿರುಗಿ ಯಜಮಾನರನ್ನು ನೋಡಿ, ಆಮೇಲೆ ಒಲ್ಲದ ಮನಸ್ಸಿನಿಂದ ಅವರಿಗೆ ಬೆನ್ನು ಮಾಡಿ ಹೊರಟಿತು.

ಸಿದ್ದಮಲ್ಲಪ್ಪನವರ ಕಣ್ಣು ಅಭ್ಯಾಸದಂತೆ ಕಿರಿದಾಯಿತು. ಬಾಲದ ಬುಡ. ಚಪ್ಪೆಯ ಎರಡು ಮೂಳೆ. ಪಾದ ಊರುವ ರೀತಿ. ಒಂದೊಂದು ಹೆಜ್ಜೆಗೂ ತೊಡೆಯ ಮೂಳೆ ಚರ್ಮದಡಿಯಲ್ಲಿ ಉಬ್ಬಿ ಇಳಿಯುತ್ತಿತ್ತು. ಹಿಂದಿನ ಪಾದ ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬೀಳುತ್ತಿದ್ದವು. ಮೈಯ ಭಾರವನ್ನೆಲ್ಲ ಮುಂದಿನ ಕಾಲುಗಳಿಗೆ ದಾಟಿಸಿಕೊಂಡು, ಹಿಂಭಾಗವನ್ನು ಎಳೆದುಕೊಂಡು ಹೋಗುತ್ತಿತ್ತು ಜೀವ. ನೋಯದ ಹಾಗೆ ನಡೆಯಲು ತಾನೇ ಕಂಡುಕೊಂಡ ನಡಿಗೆ ಅದು.

ಅವರ ಬಾಯಿಂದ ಮಾತು ತಾನಾಗಿ ಬಂತು.

"ತೂಗ್ತದೆ."

ಹೇಳಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಷ್ಟು ದೂರ ಹೋಗಿದ್ದ ಶಿವರತ್ನಮ್ಮನಿಗೂ ಆ ಮಾತು ಕೇಳಿಸಿತು. ಅವರು ಅಲ್ಲೇ ನಿಂತುಬಿಟ್ಟರು. ದೊಡ್ಡಿ ಮಾತ್ರ ಯಜಮಾನರ ದನಿ ಕೇಳಿದ ಸಂತೋಷಕ್ಕೆ ಹಿಂದಿರುಗಿ, ಎರಡು ಕಾಲು ಜೋಡಿಸಿ ಮೊಲದಂತೆ ಕುಪ್ಪಳಿಸಿಕೊಂಡು ಬಂದು ಅವರ ತೊಡೆಗೆ ಒರಗಿತು.

"ನಿಮಗೆ ಗೊತ್ತಾಯ್ತಲ್ಲ," ಎಂದರು ಭವ್ಯ. "ಎಷ್ಟರಮಟ್ಟಿಗೆ ಇದೆ ಅಂತ ಎಕ್ಸರೆಲಿ ನೋಡೋಣ."

ಸೂಜಿ ಹಾಕಿ ಮಲಗಿಸಿದರು. ದೊಡ್ಡಿಯ ಬೆನ್ನು ಕೆಳಗೆ ಮಾಡಿ, ಹಿಂದಿನ ಕಾಲೆರಡನ್ನೂ ನೆಟ್ಟಗೆ ಎಳೆದು ಹಿಡಿದು ಫೋಟೋ ತೆಗೆಯಬೇಕು. ಅದು ನಿದ್ದೆ ಹೋಗುವವರೆಗೂ ಸಿದ್ದಮಲ್ಲಪ್ಪ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣೆಯ ಸುಳಿಯನ್ನು ಬೆರಳಿನಿಂದ ಸವರುತ್ತಿದ್ದರು. ನಾಲಿಗೆ ಹೊರಗೆ ಚಾಚಿ ದೊಡ್ಡಿ ಗೊರಕೆ ಹೊಡೆಯತೊಡಗಿದ ಮೇಲೆ ಅವರನ್ನು ಹೊರಗೆ ಕೂರಿಸಿದರು.

ಆಮೇಲೆ ಒಳಗೆ ಕರೆದು, ಬೆಳಕಿನ ಪೆಟ್ಟಿಗೆಗೆ ಎಕ್ಸರೆ ಹಾಳೆ ಸಿಕ್ಕಿಸಿ ತೋರಿಸಿದರು. ಸಿದ್ದಮಲ್ಲಪ್ಪನವರಿಗೆ ಕಂಡದ್ದು ಬರೀ ಬಿಳಿ, ಬರೀ ಕಪ್ಪು. ಭವ್ಯ ಶಿವರತ್ನಮ್ಮನ ಕಡೆ ತಿರುಗಿದರು.

"ಅಮ್ಮ, ನಿಮ್ಮನೇಲಿ ಒರಳುಕಲ್ಲು ಇದೆಯಾ?"

"ಅದೆ. ಹಬ್ಬಕ್ಕೆ ಈಗ್ಲೂ ಅದ್ರಲ್ಲೇ ರುಬ್ಬದು."

"ಗುಂಡುಕಲ್ಲು ಒರಳಿನ ಗುಳಿಯಲ್ಲಿ ಹೆಂಗೆ ಕೂತಿರ್ತದೆ? ತೊಡೆ ಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಹಂಗೆ ಕೂತಿರಬೇಕು. ಇಲ್ಲಿ ನೋಡಿ, ಗುಳಿ ಆಳವಾಗಿಲ್ಲ. ತಟ್ಟೆ ಥರ ಇದೆ."

"ತಟ್ಟೇಲಿ ಗುಂಡು ಮಡಗಿ ರುಬ್ಬುದ್ರೆ ಜಾರ್ತದಲ್ಲವ್ವ," ಎಂದರು ಶಿವರತ್ನಮ್ಮ. ಅಷ್ಟು ಹೇಳುವಾಗಲೇ ಅವರ ಕಣ್ಣು ತುಂಬಿತು. "ಒಂದೊಂದ್ ಹೆಜ್ಜೆಗೂ ಜಾರ್ತದಾ?"

"ಜಾರ್ತದೆ. ಆದರೆ ಕೇಳಿ, ಇದು ನೀವು ಸಾಕಿದ್ದರಲ್ಲಿ ಆದ ತಪ್ಪಲ್ಲ. ಬಿದ್ದದ್ದರಿಂದ ಆದದ್ದೂ ಅಲ್ಲ. ಹುಟ್ಟಿನಿಂದ ತಂದದ್ದು. ಮೈ ಭಾರ ಹೆಚ್ಚಿದೆ, ಅದನ್ನ ಇಳಿಸಿ. ನುಣುಪು ನೆಲದ ಮೇಲೆ ನಡೆಸಬೇಡಿ, ಜಿಗಿಯೋಕೆ ಬಿಡಬೇಡಿ, ದಿನಾ ನಿಧಾನವಾಗಿ ನಡೆಸಿ. ನೋವು ಹೆಚ್ಚಾದ ದಿನಕ್ಕೆ ಮಾತ್ರೆ ಕೊಡ್ತೀನಿ. ಈಗ ಗೊತ್ತಾದದ್ದು ಒಳ್ಳೇದಾಯ್ತು. ಚೆನ್ನಾಗಿ ಬಾಳ್ತಾಳೆ. ಎದೆ ನನ್ನ ಕಿವಿಗೆ ಸರಿಯಾಗೇ ಕೇಳಿಸ್ತು. ಆದರೂ ವರ್ಷಕ್ಕೊಂದು ಸಲ ಮೈಸೂರಿನಲ್ಲಿ ಹೃದಯದ ಸ್ಕ್ಯಾನ್ ಮಾಡಿಸಿ."

ಸಿದ್ದಮಲ್ಲಪ್ಪ ಕೇಳಿದರು. "ಒಂದೇ ಒಂದ್ ಸೂಲಿಗೆ... ಆಗಲ್ವಾ ತಾಯಿ?"

"ಹೊಟ್ಟೇಲಿ ಮರಿ ತುಂಬಿದರೆ ಆ ಭಾರವೆಲ್ಲ ಈ ಸೊಂಟದ ಮೇಲೇ ಬೀಳೋದು. ಹುಟ್ಟೋ ಮರಿಗಳಲ್ಲಿ ಎಷ್ಟಕ್ಕೆ ಇದು ಬರ್ತದೋ ಹೇಳೋಕಾಗಲ್ಲ. ನಾನು ಬೇಡ ಅಂತೀನಿ. ಆ ಬಂಟನಿಗೂ ಸೊಂಟ, ಎದೆ ಎರಡೂ ನೋಡಿಸಿ. ಮನೆತನ ಒಂದೇ."

ವಾಪಸು ಬರುವಾಗ ಗಂಡ ಹೆಂಡತಿ ಇಬ್ಬರೂ ಲಗೇಜ್ ಆಟೋದ ಹಿಂದೆಯೇ ಕೂತರು. ದೊಡ್ಡಿ ಇನ್ನೂ ಅಮಲಿನಲ್ಲಿ ಇಬ್ಬರ ತೊಡೆಯ ಮೇಲೂ ಉದ್ದಕ್ಕೆ ಮಲಗಿತ್ತು. ರಸ್ತೆಯ ಗುಂಡಿ ಬಂದಾಗಲೆಲ್ಲ ಶಿವರತ್ನಮ್ಮ ಅದರ ಸೊಂಟದಡಿಗೆ ಕೈ ಕೊಟ್ಟು ಹಿಡಿಯುತ್ತಿದ್ದರು.

"ಊರಿಗೆಲ್ಲ ಹಿಂದ್ಲಿಂದ ನೋಡಿ ಅಂತ ಏಳ್ತಿದ್ದೆ ಕಣಮ್ಮಿ," ಎಂದರು ಸಿದ್ದಮಲ್ಲಪ್ಪ.

"ನಮ್ಮ ಕಣ್ಣ ಮುಂದೆ ಬೆಳ್ದಿದ್ದು. ಯಾರು ಹಿಂದಕ್ಕೋಗಿ ನಿಂತ್ಕಂಡು ನೋಡ್ತಾರೆ?"

ಸ್ವಲ್ಪ ದೂರ ಹೋದ ಮೇಲೆ ಸಿದ್ದಮಲ್ಲಪ್ಪ ಮತ್ತೆ, "ವೀಳ್ಯ ತಕಂಡಿದ್ದೀನಲ್ಲ," ಎಂದರು. "ಚೆನ್ನಯ್ಯಂಗೆ ಏನಂತ ಏಳ್ಲಿ? ಅವನು ಹನೂರಿನ ಕಡೆ ಎಲ್ಲಾರ್ಗೂ ಮರಿ ಮಾತು ಕೊಟ್ಟವ್ನೆ. ಒಂದ್ ಸಲ ಆಗೋಗ್ಲಿ ಅಂದ್ರೆ..."

ಶಿವರತ್ನಮ್ಮ ದನಿ ಏರಿಸಲಿಲ್ಲ. "ಅಲ್ಲ ಕಣ್ರಿ, ತೂಗೋ ಎತ್ತು ಅಂತ ಗೊತ್ತಿದ್ದೂ ಇಲ್ಲೀಗಂಟ ಯಾರ ಮನೆಗಾದ್ರೂ ಹೊಡ್ಸಿದ್ದೀರಾ?"

ಅಲ್ಲಿಗೆ ತೀರ್ಮಾನವಾಯಿತು.

ಮಾರನೆಯ ದಿನ ಸಿದ್ದಮಲ್ಲಪ್ಪ ಒಂದು ಕಟ್ಟು ವೀಳ್ಯದೆಲೆ, ಅಡಿಕೆ, ಒಂದು ಕಾಯಿ ಕೈಚೀಲಕ್ಕೆ ಹಾಕಿಕೊಂಡು ಹನೂರಿನ ಬಸ್ಸು ಹತ್ತಿದರು. ಕೊಟ್ಟ ಮಾತು ಮುರಿಯುವವರು ವೀಳ್ಯವನ್ನು ಮನೆಗೆ ಹೋಗಿ ಹಿಂದಿರುಗಿಸಬೇಕು, ಫೋನಿನಲ್ಲಿ ಹೇಳಬಾರದು ಎಂಬುದು ಅವರ ಮನಸ್ಸಿಗೆ ಇದ್ದ ಕಟ್ಟು. ಹನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು, ಬಿಸಿಲಿನಲ್ಲಿ ಜೋಳದ ಹೊಲಗಳ ನಡುವೆ ನಡೆದು ಹೋದರು.

ಚೆನ್ನಯ್ಯ ದೂರದಿಂದಲೇ ಕೂಗಿದರು. "ಓಹೋ, ಬೀಗ್ರು ಬಂದ್ರು! ಏನ್ ಬೀಗ್ರೆ, ಹೆಣ್ಣಿಗೆ ಅಷ್ಟು ಅವಸರವಾ?"

ಸಿದ್ದಮಲ್ಲಪ್ಪ ನೀರು ಕುಡಿದರು. ಆಮೇಲೆ ಎಲೆ, ಅಡಿಕೆ, ಕಾಯಿ ತೆಗೆದು ಜಗಲಿಯ ಮೇಲಿಟ್ಟು, ಆದದ್ದನ್ನೆಲ್ಲ ಹೇಳಿದರು. ಒರಳು, ಗುಂಡು, ತಟ್ಟೆ, ಒಂದನ್ನೂ ಬಿಡಲಿಲ್ಲ. ಚೆನ್ನಯ್ಯನವರ ಮುಖದ ನಗು ನಿಧಾನವಾಗಿ ಇಳಿಯಿತು.

"ಹೆಣ್ಣು ಕೊಡಕ್ಕೆ ಮನಸಿಲ್ದೋರು ಸಾಲಾವಳಿ ಕೂಡ್ಬರ್ಲಿಲ್ಲ ಅಂತ ಏಳಿ ಕಳುಸ್ತಾರೆ. ಜಾತಕದ ಮೇಲೆ ಆಕ್ತಾರೆ. ನೀವು ಎಕ್ಸರೆ ಮೇಲೆ ಆಕಿದ್ದೀರಿ, ಅಷ್ಟೇ."

"ಚೆನ್ನಯ್ಯ, ಮಾದಪ್ಪನ ಆಣೆಗೂ..."

"ಬುಡಿ ಬುಡಿ. ನಾವು ನಾಯಿ ಬೀಗರಾಗಕ್ಕೂ ಲಾಯಕ್ಕಿಲ್ಲ ಅನ್ನಿ."

ಆ ಮಾತು ಸಿದ್ದಮಲ್ಲಪ್ಪನವರ ಎದೆಗೆ ನಾಟಿತು. ಆದರೂ ಅವರು, "ಬಂಟನ್ನ ಒಂದ್ ಸಲ ನಡ್ಸು. ಹಿಂದ್ಲಿಂದ ನೋಡ್ತೀನಿ," ಎಂದರು.

ಚೆನ್ನಯ್ಯ ಹಟಕ್ಕೆ ಬಿದ್ದು ಬಂಟನನ್ನು ಕಣದ ಉದ್ದಕ್ಕೂ ನಡೆಸಿದರು. ಹಿಂದಿನ ಕಾಲು ಎರಡೂ ನೆಟ್ಟಗೆ, ಮುಂದಿನ ಕಾಲುಗಳ ಜಾಡಿನಲ್ಲೇ ಬೀಳುತ್ತಿದ್ದವು.

"ತೂಗಲ್ಲ. ಸೊಂಟ ಸೊಗಸಾಗದೆ," ಎಂದರು ಸಿದ್ದಮಲ್ಲಪ್ಪ ಪ್ರಾಮಾಣಿಕವಾಗಿ.

"ನೋಡುದ್ರಾ? ನಮ್ಮ ಹುಡುಗ್ನಲ್ಲಿ ಐಬಿಲ್ಲ!"

ಬಂಟ ಬಂದು ಅವರ ಕಾಲ ಬಳಿ ಮಲಗಿತು. ಅಷ್ಟು ದೂರ ನಡೆದದ್ದಕ್ಕೇ ಪಕ್ಕೆ ಬೇಗಬೇಗ ಏರಿಳಿಯುತ್ತಿತ್ತು. ಸಿದ್ದಮಲ್ಲಪ್ಪ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟರು. ಒಳಗೆ ಏನೋ ಹೊಡೆದುಕೊಳ್ಳುತ್ತಿತ್ತು. ಅದು ಸರಿಯೋ ತಪ್ಪೋ ಅವರಿಗೆ ಗೊತ್ತಾಗಲಿಲ್ಲ.

"ಕಾಲು ನನ್ನ ಕಣ್ಣಿಗೆ ಕಾಣ್ತದೆ. ಎದೆ ನಂಗೆ ಗೊತ್ತಾಗಲ್ಲ ಕಣಪ್ಪ. ಮನೆತನ ಒಂದೇ ಅಂದ್ರು ಡಾಕ್ಟ್ರಮ್ಮ. ಅದೊಂದನ್ನ ತೋರ್ಸು. ನಂಗೋಸ್ಕರ ಬ್ಯಾಡ, ಇದಕ್ಕೋಸ್ಕರ."

"ನನ್ನ ಬಂಟನ ಎದೆ ದೊಡ್ಡದು. ಹಂದಿ ಹಿಂಡಿಗೇ ಎದೆ ಕೊಟ್ಟು ನಿಂತ್ಕತದೆ. ನೀವು ಹೊಂಡಿ," ಎಂದರು ಚೆನ್ನಯ್ಯ. ವೀಳ್ಯದ ಕಡೆಗೆ ಅವರು ನೋಡಲೂ ಇಲ್ಲ.

ಮಧುವನಹಳ್ಳಿಯಲ್ಲಿ ದಿನಗಳು ಬೇರೆಯಾದವು. ಶಿವರತ್ನಮ್ಮ ಒಳಮನೆಯ ಟೈಲ್ಸ್ ಮೇಲೆ ಬಾಗಿಲಿಂದ ಬಾಗಿಲಿಗೆ ಗೋಣಿತಾಟು ಹಾಸಿದರು. ಯಾರಾದರೂ ಎಡವಿದರೆ, "ನೀವು ಎಡವುದ್ರೆ ಎದ್ದೇಳ್ತೀರಿ. ಅದು ಜಾರುದ್ರೆ?" ಎಂದು ಅವರನ್ನೇ ಗದರುತ್ತಿದ್ದರು. ಮುದ್ದೆ ಕಡಿಮೆಯಾಯಿತು. ಒಂದೇ ಹೊತ್ತಿಗೆ ಗುಡ್ಡೆ ಹಾಕುತ್ತಿದ್ದ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಹಾಕತೊಡಗಿದರು. ಉಂಡ ಮೇಲೆ ಓಡದ ಹಾಗೆ ಹತ್ತಿರವೇ ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮುಂದೆ ಭವ್ಯನವರ ಮಾತಿನಂತೆ ದೊಡ್ಡಿಗೆ ಮರಿಯಾಗದ ಆಪರೇಷನ್ನೂ ಆಯಿತು. ಹೊಟ್ಟೆ ತಿರುಚದ ಹಾಗೆ ಅದೇ ಸಲ ಒಳಗೊಂದು ಹೊಲಿಗೆ ಹಾಕಿದರು. ಭವ್ಯ ಯಳಂದೂರಿನ ತೋಟದವರಿಗೂ ಹೇಳಿ ದೊಡ್ಡಿಯ ತಾಯಿಯನ್ನು ಪರೀಕ್ಷೆಗೆ ತರಿಸಿಕೊಂಡರು. ತೋಟದ ಯಜಮಾನರು ಬೇಸರಪಟ್ಟುಕೊಂಡರೂ ಇನ್ನು ಮರಿ ಹಾಕಿಸುವುದಿಲ್ಲ ಎಂದರು.

ಬೆಳಗಿನ ಹೊತ್ತು ಸಿದ್ದಮಲ್ಲಪ್ಪ ದೊಡ್ಡಿಯನ್ನು ಮೆತ್ತನೆಯ ಮಣ್ಣಿನ ಕಾಲುದಾರಿಯಲ್ಲಿ ನಡೆಸುತ್ತಿದ್ದರು. ಹೊಲಕ್ಕೆ ಹೊರಟ ಹೆಂಗಸರು, "ಆನೆ ನಡಿಗೆ ಬಂತು ನೋಡ್ರವ್ವ," ಎನ್ನುತ್ತಿದ್ದರು. ಅವರು ಮೊದಲಿನಂತೆ ಮೀಸೆ ಸವರುತ್ತಿರಲಿಲ್ಲ. "ಅಲ್ಲ ಕಣವ್ವ, ಸೊಂಟ ನೋವು ಅದ್ಕೆ," ಎಂದು ಎಲ್ಲರಿಗೂ ನಿಂತು ಹೇಳುತ್ತಿದ್ದರು. ಹಾಗೆ ಹೇಳಲು ಮೊದಮೊದಲು ನಾಚಿಕೆಯಾಯಿತು. ಆಮೇಲೆ, ಹೇಳಿದವರೆಲ್ಲ ದೊಡ್ಡಿಗೆ ದಾರಿ ಬಿಟ್ಟು ನಿಲ್ಲುವುದನ್ನು ಕಂಡು ನಾಚಿಕೆ ಹೋಯಿತು. ಅವರ ಹೆಸರಿಗೇನೂ ಕುಂದು ಬರಲಿಲ್ಲ. ತಮ್ಮ ನಾಯಿಯನ್ನೇ ತೂಗುತ್ತದೆ ಎಂದವರು ನಮ್ಮ ಎತ್ತಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆಯೇ ಎಂದು ಊರಿನವರು ಆಡಿಕೊಂಡರು.

ಚೆನ್ನಯ್ಯನವರಿಂದ ಮಾತ್ರ ಫೋನಿಲ್ಲ. ಹನೂರಿನ ಕಡೆಯಿಂದ ಬರುವ ಬಸ್ಸು ಕಂಡಾಗಲೆಲ್ಲ ಸಿದ್ದಮಲ್ಲಪ್ಪ ಕತ್ತೆತ್ತಿ ನೋಡುತ್ತಿದ್ದರು.

ಜೋಳದ ಕುಯಿಲು ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

"ಬೀಗ್ರೆ," ಎಂದಿತು ಆ ಕಡೆಯ ದನಿ. ಆ ಒಂದು ಮಾತಿಗೇ ಸಿದ್ದಮಲ್ಲಪ್ಪ ಎದ್ದು ನಿಂತರು.

ಬಂಟ ಬೇಗ ದಣಿಯತೊಡಗಿತ್ತಂತೆ. ಹಂದಿ ಬಂದರೂ ಎದ್ದು ಹೋಗದೆ ಮಲಗಿದಲ್ಲೇ ಬೊಗಳುತ್ತಿತ್ತಂತೆ. ಮೊದಲಾಗಿದ್ದರೆ ಸೋಮಾರಿ ಎಂದು ಬೈದು ಸುಮ್ಮನಿರುತ್ತಿದ್ದೆ, ನೀವು ಪಕ್ಕೆಯ ಮೇಲೆ ಕೈ ಇಟ್ಟು ಕೂತಿದ್ದು ಕಣ್ಣಿಗೆ ಕಟ್ಟಿತು ಎಂದರು ಚೆನ್ನಯ್ಯ. ಭವ್ಯನವರ ಹತ್ತಿರ ಹೋಗಿ, ಅವರು ಹೇಳಿದಂತೆ ಮೈಸೂರಿಗೂ ಹೋಗಿ ಸ್ಕ್ಯಾನ್ ಮಾಡಿಸಿ ಬಂದಿದ್ದರು. ಹೃದಯ ದೊಡ್ಡದಾಗಿದೆ, ಆದರೆ ಇನ್ನೂ ಪೂರ್ತಿ ಸೋತಿಲ್ಲ, ದಿನವೂ ಮಾತ್ರೆ ಕೊಟ್ಟರೆ ಕೆಲವು ಕಾಲ ಸುಖವಾಗಿರುತ್ತದೆ ಎಂದಿದ್ದರಂತೆ.

"ಎದೆ ದೊಡ್ಡದು ಅಂತ ಬಡಾಯಿ ಕೊಚ್ಕತಿದ್ನಲ್ಲ ಬೀಗ್ರೆ. ಡಾಕ್ಟ್ರಮ್ಮನೂ ಅದನ್ನೇ ಅಂದ್ರು," ಎಂದು ನಗಲು ಹೋದ ಚೆನ್ನಯ್ಯನವರ ದನಿ ನಡುವೆಯೇ ಒಡೆಯಿತು. "ಅವತ್ತು ನೀವು ಬಿಸ್ಲಲ್ಲಿ ನಡ್ಕಂಡು ಬಂದು ಏಳಿದ್ರಿಂದ ನನ್ನ ಮಗ ಉಳ್ಕಂಡ. ನಾನು ನಿಮ್ಗೆ ಉಣ್ಣಿ ಅಂತಲೂ ಅನ್ನಲಿಲ್ಲ."

"ಈಗ ಬಾ. ನಾವು ಉಣ್ಣಕ್ಕಿಕ್ತೀವಿ," ಎಂದರು ಸಿದ್ದಮಲ್ಲಪ್ಪ.

ಮುಂದಿನ ಸಲ ಬಂಟನನ್ನು ಕೊಳ್ಳೇಗಾಲಕ್ಕೆ ತೋರಿಸಲು ತಂದಾಗ ಚೆನ್ನಯ್ಯ, ತಾವೂ ಫೋನು ಮಾಡಿ ಕರೆಸಿಕೊಂಡಿದ್ದ ಶಂಕರನ ಆಟೋವನ್ನು ಮಧುವನಹಳ್ಳಿಗೂ ತಿರುಗಿಸಿದರು. ಮೈಮೇಲೆ ಅದೇ ವೀಳ್ಯದ ದಿನದ ಪಂಚೆ. ದೊಡ್ಡಿ ಗೋಣಿತಾಟಿನ ಮೇಲಿಂದ ನಿಧಾನವಾಗಿ ಎದ್ದು ಹೊರಗೆ ಬಂತು. ಬಂಟ ಅದರ ಮೂಗಿಗೆ ಮೂಗು ತಾಗಿಸಿತು. ಶಿವರತ್ನಮ್ಮ ಹಿತ್ತಲಿನ ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟರು. ಈ ಸಲ ಮೂಗಿಗೆ ಸೆರಗು ಹಿಡಿಯುವುದನ್ನು ಮರೆತಿದ್ದರು.

ಊಟವಾದ ಮೇಲೆ ಚೆನ್ನಯ್ಯ ಚೀಲದಿಂದ ಹೊಸ ವೀಳ್ಯದೆಲೆಯ ಕಟ್ಟು ತೆಗೆದು ಜಗಲಿಯ ಮೇಲಿಟ್ಟರು.

"ಇದ್ಯಾಕ್ಲಾ? ಇನ್ನು ಮರಿ ಎಲ್ಲಿಂದ ಬಂದಾವು?" ಎಂದರು ಸಿದ್ದಮಲ್ಲಪ್ಪ.

"ಮರಿ ಬ್ಯಾಡ ಬೀಗ್ರೆ. ನಮ್ಮ ಹುಡುಗಂಗೆ ಎದೆಗೆ ಮಾತ್ರೆ, ನಿಮ್ಮ ಹುಡುಗಿಗೆ ಸೊಂಟಕ್ಕೆ ಮಾತ್ರೆ. ಡಾಕ್ಟ್ರೂ ಒಬ್ಬರೇ, ಆಟೋನೂ ಒಂದೇ. ಇದ್ಕಿಂತ ಸಾಲಾವಳಿ ಕೂಡ್ಬರ್ಬೇಕಾ?"

ಶಿವರತ್ನಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಇವರ್ಗೂ ಬಿಪಿ ಮಾತ್ರೆ ಅದೆ. ಇವರನ್ನೂ ಸೇರುಸ್ಕಳಿ," ಎಂದರು.

ಅಷ್ಟರಲ್ಲಿ ನಾಯಿಗಳೆರಡೂ ಅಂಗಳ ದಾಟಿ ಹುಣಸೆಮರದ ನೆರಳಿನ ಕಡೆ ಹೊರಟವು. ಸಿದ್ದಮಲ್ಲಪ್ಪನವರ ಕಣ್ಣು ಅವುಗಳ ಬೆನ್ನ ಹಿಂದೆಯೇ ಹೋಯಿತು. ಬಂಟ ನೆಟ್ಟಗೆ ಕಾಲು ಹಾಕುತ್ತ, ನಡುನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿತ್ತು. ಅದು ನಿಂತಾಗಲೆಲ್ಲ ಪಕ್ಕದಲ್ಲಿ ದೊಡ್ಡಿಯೂ ನಿಲ್ಲುತ್ತಿತ್ತು. ಆಮೇಲೆ ಎರಡೂ ಮತ್ತೆ ನಡೆಯುತ್ತಿದ್ದವು. ದೊಡ್ಡಿಯ ಹಿಂಭಾಗ ತೂಗುತ್ತಿತ್ತು. ಮೈ ಇಳಿದಿದ್ದರಿಂದ ಮೊದಲಿನಷ್ಟು ಇರಲಿಲ್ಲ.

ಅವು ನೆರಳು ಸೇರಿ ಮಲಗುವವರೆಗೂ ಸಿದ್ದಮಲ್ಲಪ್ಪ ನೋಡಿದರು. ಆಮೇಲೆ ಕಟ್ಟಿನಿಂದ ಒಂದು ಎಲೆ ಎಳೆದು, ತೊಡೆಯ ಮೇಲಿನ ಪಂಚೆಗೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು, ಮೊದಲನೆಯದನ್ನು ಚೆನ್ನಯ್ಯನವರ ಕೈಗೆ ಕೊಟ್ಟರು.